ನಿಲ್ಲುವಾಗ ತಲೆ ಎತ್ತುತ್ತಿದ್ದ ಕುದುರೆ: ನನ್ನ ಅನುಭವ

ಟೆಕ್ಸಾಸಿನಲ್ಲಿ ಹವ್ಯಾಸಕ್ಕಾಗಿ ರೇನಿಂಗ್ (ಕುದುರೆಯಿಂದ ಗೊತ್ತುಪಡಿಸಿದ ಸುತ್ತು, ತಿರುವು, ನಿಲುಗಡೆಗಳನ್ನು ಮಾಡಿಸುವ ಸವಾರಿ ಕ್ರೀಡೆ) ಕಲಿಯುತ್ತಿರುವ ನನಗೆ, ಓಟದಿಂದ ನಿಲ್ಲಿಸುವಾಗಲೆಲ್ಲ ಕುದುರೆ ತಲೆ ಮೇಲೆತ್ತಿ, ಬಾಯಿ ತೆರೆದು, ಮುಂಗಾಲುಗಳ ಮೇಲೆ ಭಾರ ಹಾಕುತ್ತಿದ್ದುದೇ ದೊಡ್ಡ ತೊಡಕಾಗಿತ್ತು. 70 ಅಂಕಗಳಿಂದ ಆರಂಭಿಸಿ ಪ್ರತಿ ಚಲನೆಗೂ ಒಂದೂವರೆ ಅಂಕದವರೆಗೆ ಕೂಡಿಸುವ ಅಥವಾ ಕಳೆಯುವ ಈ ಕ್ರೀಡೆಯಲ್ಲಿ, ಕುದುರೆ ಹಿಂಗಾಲುಗಳನ್ನು ಹೊಟ್ಟೆಯಡಿಗೆ ತಂದು ಜಾರುತ್ತ ನಿಲ್ಲಬೇಕು.

ಹಲ್ಲು, ಬೆನ್ನುಗಳಲ್ಲಿ ನೋವಿಲ್ಲವೆಂದು ಪಶುವೈದ್ಯರಿಂದ ಖಚಿತಪಡಿಸಿಕೊಂಡು (ಇದನ್ನು ಬಿಟ್ಟು ತರಬೇತಿಗೆ ಕೈಹಾಕುವುದು ಕುದುರೆಗೆ ಅನ್ಯಾಯವೆಂದೇ ನನ್ನ ಅಭಿಪ್ರಾಯ), ಮೃದುವಾದ ಸ್ನ್ಯಾಫಲ್ ಕಡಿವಾಣ (ಸನ್ನೆಯಂತೆ ಒತ್ತಡ ಹೆಚ್ಚಿಸದ ಸರಳ ಕಡಿವಾಣ) ತೊಡಿಸಿ ನಡಿಗೆಯಿಂದಲೇ ಆರಂಭಿಸಿದೆ. ಲಗಾಮನ್ನು ಸಡಿಲ ಬಿಟ್ಟು ಮೊದಲು ಜೀನಿನಲ್ಲಿ ಆಳವಾಗಿ ಕೂರುವುದು, ಬಳಿಕ ‘ವೋ’ ಎನ್ನುವುದು, ಅದಕ್ಕೂ ನಿಲ್ಲದಿದ್ದರೆ ಮಾತ್ರ ಲಗಾಮನ್ನು ಮೆಲ್ಲನೆ ಎತ್ತಿ ಕೆಲವು ಹೆಜ್ಜೆ ಹಿಂದಕ್ಕೆ ನಡೆಸುವುದು, ಕುದುರೆ ಗದ್ದ ಇಳಿಸಿ ದವಡೆ ಸಡಿಲಿಸಿದ ಕ್ಷಣವೇ ಲಗಾಮನ್ನು ಸಡಿಲಿಸುವುದು ಎಂಬ ಕ್ರಮವನ್ನು ಬದಲಿಸದೆ ಪಾಲಿಸಿದೆ. ಎಳೆತಕ್ಕಿಂತಲೂ ಎಳೆತವನ್ನು ಬಿಡುವ ಹೊತ್ತೇ ಕುದುರೆಗೆ ಅರ್ಥವಾಗುವುದು.

ಕ್ರಮೇಣ ನಾನು ಉಸಿರು ಬಿಟ್ಟು ಕುಳಿತೊಡನೆ ಅದರ ಒಂದು ಕಿವಿ ನನ್ನತ್ತ ತಿರುಗಿ, ‘ವೋ’ ಎನ್ನುವ ಮೊದಲೇ ಸೊಂಟ ತಗ್ಗತೊಡಗಿತು. ಆಮೇಲೆಯೇ ಟ್ರಾಟ್‌ಗೆ (ನಡಿಗೆಗಿಂತ ವೇಗದ ದುಡುಕಿ ಓಟ), ಅನಂತರ ಲೋಪ್‌ಗೆ (ಅದಕ್ಕಿಂತ ವೇಗದ ನಿರಾಳ ನೆಗೆತದ ಓಟ) ಮುಂದುವರಿದೆ. ಹಿಂಗಾಲುಗಳಿಗೆ ಜಾರಲು ನೆರವಾಗುವ ಅಗಲವಾದ ನುಣುಪಾದ ಸ್ಲೈಡರ್ ಲಾಳ ಹೊಡೆಸಿದ್ದು, ಅದು ತಲೆ ತಗ್ಗಿಸಿ ನೇರವಾಗಿ ನಿಲ್ಲುವುದನ್ನು ರೂಢಿಸಿಕೊಂಡ ಮೇಲಷ್ಟೆ.