ಮೇವಿನ ಲೆಕ್ಕ ಸಗಣಿಯಲ್ಲಿ ಸಿಕ್ಕಿತು

ನಮ್ಮದು ತಿಪಟೂರು ತಾಲ್ಲೂಕಿನಲ್ಲಿ ಮೂರು ಎಕರೆ ಜಮೀನು. ಎರಡು ಎಕರೆಯಲ್ಲಿ ತೊಂಬತ್ತು ತೆಂಗಿನ ಮರಗಳಿವೆ, ಅರ್ಧ ಎಕರೆಯಲ್ಲಿ ಮಳೆಗಾಲದ ರಾಗಿ, ಕೊಳವೆ ಬಾವಿಯ ಪಕ್ಕದ ಇಪ್ಪತ್ತು ಗುಂಟೆಯಲ್ಲಿ ಮೇವು. ಕೊಟ್ಟಿಗೆಯಲ್ಲಿ ನಾಲ್ಕು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳೂ ಒಂದು ಪಡ್ಡೆಯೂ ಇವೆ. ಅತ್ತೆಯವರಿಗೆ ಮಂಡಿನೋವು ಹೆಚ್ಚಾಗಿ ಕೊಟ್ಟಿಗೆ ಕೆಲಸ ಬಿಟ್ಟ ವರ್ಷದಿಂದ, ಅಂದರೆ 2015ರಿಂದ, ಹಸುಗಳ ಜವಾಬ್ದಾರಿ ನನ್ನ ಮೇಲಿದೆ. ಮೊದಲ ಎರಡು ವರ್ಷ ನಾನು ಹಸು ಸಾಕಿದೆ ಎನ್ನುವುದಕ್ಕಿಂತ, ಡೇರಿಗೆ ಹಾಲು ಹಾಕಿ ಬಂದ ಬಟವಾಡೆಯನ್ನು ಫೀಡ್ ಅಂಗಡಿಗೆ ಮುಟ್ಟಿಸಿದೆ ಎನ್ನುವುದೇ ಸರಿ.

ತಪ್ಪು ಎಲ್ಲಿತ್ತೆಂಬುದು ಗೊತ್ತಾದದ್ದು ನೇತುಹಾಕುವ ಒಂದು ತಕ್ಕಡಿಯಿಂದ. ಕೊಬ್ಬರಿ ತೂಗಲೆಂದು ಮನೆಯವರು ತಂದಿದ್ದ ಅದರ ಕೊಕ್ಕೆಗೆ ಒಂದು ಬೆಳಿಗ್ಗೆ ಸುಮ್ಮನೆ ಹುಲ್ಲಿನ ಮಂಕರಿಯನ್ನು ಸಿಕ್ಕಿಸಿ ನೋಡಿದೆ. ಮಂಕರಿ ತುಂಬ ಹಸಿ ಹುಲ್ಲೆಂದರೆ ಹತ್ತು ಕೆ.ಜಿ. ಎಂದು ನಂಬಿಕೊಂಡು ದಿನಕ್ಕೆ ಎರಡೂವರೆ ಮಂಕರಿ ಹಾಕುತ್ತಿದ್ದೆನಲ್ಲ, ಆ ಮಂಕರಿ ಆರೂವರೆ ಕೆ.ಜಿ. ತೂಗಿತು. ಇಪ್ಪತ್ತೈದು ಕೆ.ಜಿ. ಹಸಿ ಮೇವು ತಿನ್ನಬೇಕಾದ ಹಸು ಹದಿನಾರು ಕೆ.ಜಿ.ಯಲ್ಲಿ ದಿನ ದೂಡುತ್ತಿತ್ತು. ಆ ಕೊರತೆಯನ್ನು ನಾನು ಅಂಗಡಿಯ ಫೀಡಿನಿಂದ ತುಂಬಿಸುತ್ತಿದ್ದೆ. ಅದನ್ನಾದರೂ ಹಸು ನೋಡಿ ಹಾಕುತ್ತಿದ್ದೆನೇ ಎಂದರೆ ಅದೂ ಇಲ್ಲ. ಕರು ಹಾಕಿ ಎರಡು ತಿಂಗಳಾಗಿ ಹದಿನಾಲ್ಕು ಲೀಟರ್ ಕರೆಯುತ್ತಿದ್ದ ಗೌರಿಗೂ, ಏಳು ತಿಂಗಳ ಗಬ್ಬವಾಗಿ ನಾಲ್ಕೈದು ಲೀಟರಿಗೆ ಇಳಿದಿದ್ದ ಕೆಂಪಿಗೂ ಒಂದೇ ಅಳತೆಯ ಬಕೆಟ್ಟು. ಗೌರಿಯ ಪಕ್ಕೆಲುಬು ಎಣಿಸಬಹುದಾಗಿತ್ತು. ಕೆಂಪಿಯಾದರೋ ಕೊಬ್ಬಿ, ಕರು ಹಾಕುವಾಗ ಕಷ್ಟಪಟ್ಟಳು, ಮಾಸ ಬೀಳಲೂ ತಡವಾಯಿತು.

ಈಗ ನಾನು ಅನುಸರಿಸುವ ಲೆಕ್ಕ ಯಾವ ಪಶುವೈದ್ಯರನ್ನು ಕೇಳಿದರೂ ಹೇಳುವಂಥದ್ದೇ. ಮೈ ನಿರ್ವಹಣೆಗೆ ಒಂದೂವರೆ ಕೆ.ಜಿ. ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ., ಜೊತೆಗೆ ದಿನಕ್ಕೆ ಐವತ್ತು ಗ್ರಾಂ ಖನಿಜ ಮಿಶ್ರಣ. ಹದಿನೈದು ದಿನಕ್ಕೊಮ್ಮೆ ಪ್ರತಿ ಹಸುವಿನ ಹಾಲನ್ನು ಬೇರೆಯಾಗಿ ಅಳೆದು ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಫೀಡಿನ ಪ್ರಮಾಣ ಆ ಅಂಕಿಯ ಹಿಂದೆ ಹೋಗುತ್ತದೆ. ನೀರಿನ ವಿಷಯವನ್ನು ಮಾತ್ರ ನನಗೆ ಯಾರೂ ಒತ್ತಿ ಹೇಳಿರಲಿಲ್ಲ. ಬೆಳಿಗ್ಗೆ ಸಂಜೆ ಕಲಗಚ್ಚಿನ ಬಾನಿ ತೋರಿಸಿದರೆ ಮುಗಿಯಿತು ಎಂದುಕೊಂಡಿದ್ದ ನಾನು, ಗೋದಲಿಯ ಪಕ್ಕದಲ್ಲಿಯೇ ಹಗಲು ರಾತ್ರಿ ನೀರು ನಿಲ್ಲುವ ತೊಟ್ಟಿ ಕಟ್ಟಿಸಿದ ಮೇಲೆ, ಮೇವಿನಲ್ಲಿ ಏನನ್ನೂ ಬದಲಿಸದೆ ಹಸುವೊಂದಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಹೆಚ್ಚಿದ್ದನ್ನು ಕಂಡೆ. ರಾತ್ರಿ ಎರಡು ಗಂಟೆಗೆ ಎದ್ದು ಹೋದರೂ ಯಾವುದಾದರೂ ಒಂದು ಹಸು ನೀರು ಹೀರುವ ಸದ್ದು ಕೇಳುತ್ತದೆ.

ತೂಕ ಸರಿಯಾದ ಮಾತ್ರಕ್ಕೆ ಎಲ್ಲವೂ ಸರಿಯಾಗಲಿಲ್ಲ. ಹಸಿರು ಮತ್ತು ಫೀಡ್ ಹೆಚ್ಚಿಸಿದ ಉತ್ಸಾಹದಲ್ಲಿ ಒಣಮೇವನ್ನು ನಾನು ಕಡೆಗಣಿಸಿದೆ. ಬಣವೆಯಿಂದ ರಾಗಿ ಹುಲ್ಲು ಹಿರಿದು ತರುವುದು ಬೆನ್ನಿಗೆ ಭಾರದ ಕೆಲಸ, ಅದೂ ಒಂದು ಕಾರಣ. ಹಾಲೇನೋ ಏರಿತು. ಆದರೆ ಶೇ. 3.8 ಬರುತ್ತಿದ್ದ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ಎರಡು ವಾರದಲ್ಲಿ 3.2ಕ್ಕೆ ಇಳಿದು, ಡೇರಿಯಲ್ಲಿ ನೀರು ಬೆರೆಸಿದವಳನ್ನು ನೋಡುವಂತೆ ನನ್ನನ್ನು ನೋಡತೊಡಗಿದರು. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಜಗಲಿಯಲ್ಲಿ ಕೂತಿದ್ದ ಅತ್ತೆಯವರು, "ಯಾವಾಗ್ಲೂ ಮುಂದೆ ನಿಂತ್ಕೊಂಡು ಹಸ ನೋಡಬಾರ್ದು ಕಣವ್ವ, ಹಿಂದೆ ಹೋಗಿ ನೋಡು" ಎಂದರು. ನಾನು ಸಗಣಿ ಬಾಚುತ್ತಿದ್ದೆನೇ ಹೊರತು ಸಗಣಿ ನೋಡುತ್ತಿರಲಿಲ್ಲ. ಅಂದು ಸಂಜೆ ನೋಡಿದರೆ ನಾಲ್ಕು ಹಸುಗಳ ಹಿಂದೆಯೂ ಅದು ಅಂಬಲಿಯಂತೆ ಹರಿದು ಬಾಲಕ್ಕೆಲ್ಲ ಮೆತ್ತಿಕೊಂಡಿತ್ತು. ನಾರು ಸಾಲದಿದ್ದರೆ ಹಸು ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಮೆಲುಕು ಕಡಿಮೆಯಾದರೆ ಹೊಟ್ಟೆಯ ಹುಳಿಯನ್ನು ತಗ್ಗಿಸುವ ಜೊಲ್ಲು ಸಾಲದು, ಹಾಲಿನ ಕೊಬ್ಬು ಕಟ್ಟುವುದೂ ಆ ನಾರು ಹುದುಗಿದಾಗ ಸಿಗುವ ವಸ್ತುವಿನಿಂದಲೇ ಎಂಬುದನ್ನು ಆಮೇಲೆ ವೈದ್ಯರು ವಿವರಿಸಿದರು. ದಿನಕ್ಕೆ ಐದು ಕೆ.ಜಿ. ರಾಗಿ ಹುಲ್ಲನ್ನು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಹಸಿ ಹುಲ್ಲಿನೊಡನೆ ಬೆರೆಸಿ ಹಾಕಿದೆ. ಹತ್ತನೆಯ ದಿನಕ್ಕೆ ಫ್ಯಾಟ್ 3.7 ಮುಟ್ಟಿತು.

ಅಂದಿನಿಂದ ಸಗಣಿ ಬಾಚುವ ಮೊದಲು ಒಂದು ನಿಮಿಷ ನಿಲ್ಲುವುದು ರೂಢಿಯಾಗಿದೆ. ಮುದ್ದೆಯಷ್ಟು ಗಟ್ಟಿಯಾಗಿ ಬಿಲ್ಲೆ ಬಿಲ್ಲೆಯಾಗಿದ್ದರೆ ನೀರೋ ಹಸಿರೋ ಸಾಲದು. ಅಂಬಲಿಯಂತಿದ್ದರೆ ಒಣಹುಲ್ಲು ಸಾಲದು ಅಥವಾ ಫೀಡ್ ಅತಿಯಾಗಿದೆ. ನೆಲಕ್ಕೆ ಬಿದ್ದು ಎರಡು ಬೆರಳೆತ್ತರದ ದಿಬ್ಬವಾಗಿ ನಡುವೆ ಸಣ್ಣ ತಗ್ಗು ನಿಂತರೆ ಸರಿಯಿದೆ. ತಿಂಗಳಿಗೊಮ್ಮೆ ಪ್ರತಿ ಹಸುವಿನ ಒಂದು ಹಿಡಿ ಸಗಣಿಯನ್ನು ಹಳೆಯ ಜರಡಿಯಲ್ಲಿಟ್ಟು ನಲ್ಲಿಯ ಕೆಳಗೆ ತೊಳೆಯುತ್ತೇನೆ. ಮೊದಲ ಸಲ ತೊಳೆದಾಗ ಜರಡಿಯ ತಳದಲ್ಲಿ ಮುಸುಕಿನ ಜೋಳದ ಹಳದಿ ನುಚ್ಚು ಹಾಗೆಯೇ ಉಳಿದಿತ್ತು. ಮಿಲ್ಲಿನಲ್ಲಿ ದಪ್ಪಗೆ ಒಡೆಸಿ ತರುತ್ತಿದ್ದ ಜೋಳದಲ್ಲಿ ಒಂದು ಪಾಲು, ನಾನು ಕೊಟ್ಟ ಹಣದ ಸಮೇತ, ಹಸುವಿನ ಒಳಹೊಕ್ಕು ಹೊರಬಂದು ತಿಪ್ಪೆ ಸೇರುತ್ತಿತ್ತು. ಈಗ ಸಣ್ಣ ರವೆಯಷ್ಟು ಒಡೆಸುತ್ತೇನೆ, ಹಿಟ್ಟು ಮಾಡಿಸುವುದಿಲ್ಲ.

ಇಷ್ಟೆಲ್ಲ ತಿಳಿದ ಮೇಲೆಯೂ ಒಂದು ಹಸುವನ್ನು ಹೆಚ್ಚುಕಡಿಮೆ ಕೈಯಾರೆ ಕಳೆದುಕೊಳ್ಳುತ್ತಿದ್ದೆವು. ಪಕ್ಕದ ಬೀದಿಯಲ್ಲಿ ಮದುವೆಯಾಗಿತ್ತು. ನಾನು ತವರಿಗೆ ಹೋಗಿದ್ದ ದಿನ, ಮದುವೆ ಮನೆಯವರು ಉಳಿದ ಅನ್ನ, ಪಾಯಸವನ್ನು ಚೆಲ್ಲುವುದೇಕೆ ಎಂದು ಒಳ್ಳೆಯ ಮನಸ್ಸಿನಿಂದ ಎರಡು ಬಕೆಟ್ ತಂದು ಗೌರಿಯ ಮುಂದೆ ಇಟ್ಟಿದ್ದಾರೆ. ಗೌರಿ ಒಂದಗುಳೂ ಬಿಡದೆ ತಿಂದಿದ್ದಾಳೆ. ಮರುದಿನ ಬೆಳಿಗ್ಗೆ ನಾನು ಬಂದಾಗ ಅವಳು ತಲೆ ಜೋತು ಹಾಕಿ ನಿಂತಿದ್ದಳು. ಮೆಲುಕು ಇಲ್ಲ, ಕಣ್ಣು ಒಳಕ್ಕೆ ಇಳಿದಿದೆ, ಎಡ ಹೊಟ್ಟೆಯನ್ನು ಒತ್ತಿದರೆ ತುಂಬಿದ ಕೊಡ ಅಲುಗಿಸಿದಂತೆ ಒಳಗೆ ನೀರಿನ ಸದ್ದು. ಹಿಂದೆ ಹೋಗಿ ನೋಡಿದರೆ ಬೂದು ಬಣ್ಣದ, ನೊರೆ ನೊರೆಯಾದ ತೆಳ್ಳನೆಯ ಸಗಣಿ, ಕೆಟ್ಟ ದೋಸೆ ಹಿಟ್ಟಿನ ಹುಳಿ ವಾಸನೆ. ಅನ್ನದ ಪಿಷ್ಟ ಹಸುವಿನ ಹೊಟ್ಟೆಯಲ್ಲಿ ಗಂಟೆಗಳಲ್ಲೇ ಹುದುಗಿ ಆಮ್ಲವಾಗುತ್ತದೆ; ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಆ ಹುಳಿಗೆ ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುತ್ತದೆ. ವೈದ್ಯರು ಬರುವಷ್ಟರಲ್ಲಿ ಅವರು ಫೋನಿನಲ್ಲಿ ಹೇಳಿದಂತೆ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ, ಶ್ವಾಸಕ್ಕೆ ಹೋಗದಂತೆ ಸ್ವಲ್ಪ ಸ್ವಲ್ಪವೇ ಕುಡಿಸಿದೆವು. ಅವರು ಬಂದು ಬಾಟಲಿ ಬಾಟಲಿ ಗ್ಲೂಕೋಸ್, ಸಲೈನ್ ಏರಿಸಿದರು. ಮೂರನೆಯ ದಿನ ಅವಳು ಒಂದು ಎಳೆ ರಾಗಿ ಹುಲ್ಲು ಕಚ್ಚಿ ಮೆಲ್ಲಗೆ ದವಡೆ ಆಡಿಸಿದಾಗ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಾಣ ಉಳಿಯಿತು, ಹಾಲು ಹದಿಮೂರರಿಂದ ನಾಲ್ಕಕ್ಕೆ ಬಿತ್ತು. ಒಂದೂವರೆ ತಿಂಗಳ ನಂತರ ಗೊರಸು ನೋವು ಬಂದು ಕುಂಟಿದಳು. ಅದೂ ಆ ಅನ್ನದ ಬಾಕಿಯೇ ಎಂದು ವೈದ್ಯರು ಹೇಳಿದರು. ಈಗ ಊರಿನಲ್ಲಿ ಮದುವೆಯೋ ತಿಥಿಯೋ ಇದ್ದರೆ ನಾನೇ ಮೊದಲು ಹೋಗಿ, "ಉಳಿದದ್ದನ್ನು ನಮ್ಮ ತಿಪ್ಪೆಗೆ ತಂದು ಹಾಕಿ, ಹಸುವಿಗೆ ಬೇಡ" ಎಂದು ಹೇಳಿ ಬರುತ್ತೇನೆ. ಒಬ್ಬಿಬ್ಬರಿಗೆ ಇದು ಅಹಂಕಾರವಾಗಿ ಕಂಡಿದೆ.

ಇನ್ನು ತಿಪ್ಪೆಯ ವಿಷಯ. ನಮ್ಮ ತಿಪ್ಪೆ ತಲೆಮಾರುಗಳಿಂದ ತೋಟದ ಅಂಚಿನಲ್ಲಿ ಬಿಸಿಲು ಮಳೆಗೆ ಬಿದ್ದುಕೊಂಡಿತ್ತು. ಗಂಜಲವಂತೂ ಕೊಟ್ಟಿಗೆಯ ಮಣ್ಣುನೆಲದಲ್ಲಿ ಇಂಗಿ ಉಳಿದದ್ದು ಬೀದಿ ಚರಂಡಿಗೆ ಹೋಗುತ್ತಿತ್ತು. ಹಸು ಹೊರಹಾಕುವ ಸಾರಜನಕದಲ್ಲಿ ಸುಮಾರು ಅರ್ಧ ಭಾಗ ಗಂಜಲದಲ್ಲಿಯೇ ಇರುತ್ತದೆಂದು ತಿಳಿಯದೆ, ಅದನ್ನು ಹರಿಯಬಿಟ್ಟು ಯೂರಿಯಾ ಚೀಲ ಹೊತ್ತು ತರುತ್ತಿದ್ದೆವು. ಇದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಮತ್ತೊಂದು. ತಿಪ್ಪೆಯ ಸುತ್ತಲಿನ ಏಳೆಂಟು ತೆಂಗಿನ ಮರಗಳ ಹೊಸ ಗರಿಗಳು ಕತ್ತರಿಯಿಂದ ಬೀಸಣಿಗೆಯಾಕಾರಕ್ಕೆ ಕತ್ತರಿಸಿದಂತೆ ಬಿಚ್ಚಿಕೊಳ್ಳುತ್ತಿದ್ದವು. ಎರಡು ಎಳೆಯ ಸಸಿಗಳು ಸುಳಿ ಕೊಳೆತು ಹೋದವು. ಒಂದು ದಿನ ಗೊಬ್ಬರ ತುಂಬಿಸುವಾಗ ಗುದ್ದಲಿಗೆ ಹೆಬ್ಬೆರಳು ಗಾತ್ರದ, ಬಿಲ್ಲಿನಂತೆ ಬಾಗಿದ ಬಿಳಿ ಹುಳುಗಳು ರಾಶಿ ರಾಶಿ ಸಿಕ್ಕಿದವು. ಗೊಬ್ಬರದ ಹುಳುವೆಂದು ಕೋಳಿಗೆ ಹಾಕಿ ಮರೆಯುತ್ತಿದ್ದ ಅವು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಗಳು. ಮರಕ್ಕೆಂದು ಗೊಬ್ಬರ ಮಾಡುತ್ತ ಮರದ ಶತ್ರುವಿಗೆ ನಾವೇ ಬಾಣಂತನ ಮಾಡುತ್ತಿದ್ದೆವು.

ಕೊಟ್ಟಿಗೆಗೆ ಐದಡಿಗೆ ಒಂದಿಂಚು ಇಳಿಜಾರು ಕೊಟ್ಟು ಸಿಮೆಂಟ್ ನೆಲ ಹಾಕಿಸಿ, ಹಸು ಜಾರದಂತೆ ಗೀರು ಎಳೆಸಿ, ಮಲಗುವಲ್ಲಿ ರಬ್ಬರ್ ಮ್ಯಾಟ್ ಹಾಸಿದೆವು. ಹಿಂದಿನ ಕಾಲುವೆ ಆರಡಿ ಉದ್ದಗಲ, ನಾಲ್ಕಡಿ ಆಳದ ತೊಟ್ಟಿಗೆ ಸೇರುತ್ತದೆ. ಸಗಣಿಯಲ್ಲಿ ಐವತ್ತು ಕೆ.ಜಿ. ದಿನವೂ ಅಷ್ಟೇ ನೀರಿನೊಡನೆ ಕಲಸಿ ಎರಡು ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸಿಗೆ ಹೋಗುತ್ತದೆ. ಐದು ಜನರ ಅಡುಗೆ ಅದರಲ್ಲಿಯೇ ಆಗುತ್ತದೆ. ಮಾಗಿಯ ಚಳಿಯಲ್ಲಿ ಗ್ಯಾಸ್ ಕಟ್ಟುವುದು ಕಡಿಮೆಯಾದ್ದರಿಂದ ಆಗ ಮಾತ್ರ ಸಿಲಿಂಡರ್ ಹಚ್ಚುತ್ತೇವೆ. ಹೊರಬರುವ ಬಗ್ಗಡವನ್ನು ಎರಡು ಗುಂಡಿಗಳಲ್ಲಿ ಕೊಚ್ಚಿದ ಸೋಗೆ, ಹಸುಗಳು ಬಿಟ್ಟ ಹುಲ್ಲಿನ ದಂಟುಗಳ ಮೇಲೆ ಪದರ ಪದರವಾಗಿ ಸುರಿಯುತ್ತೇನೆ. ಉಳಿದ ಹಸಿ ಸಗಣಿಯ ಗುಂಡಿಗೆ ನೆರಳು ಮಾಡಿ, ದುಂಬಿಯ ಮರಿಗೆ ರೋಗ ತರುವ ಮೆಟಾರೈಜಿಯಂ ಶಿಲೀಂಧ್ರವನ್ನು ಬೆರೆಸುತ್ತೇವೆ. ಎರಡನೆಯ ವರ್ಷ ಗುಂಡಿ ಅಗೆದಾಗ ಹಸಿರು ಪುಡಿ ಮೆತ್ತಿಕೊಂಡು ಗಟ್ಟಿಯಾಗಿ ಸತ್ತಿದ್ದ ಮರಿಗಳನ್ನು ಕಂಡೆ. ಬಗ್ಗಡದ ಗುಂಡಿಗಳಲ್ಲಿ ಮರಿಗಳು ಕಂಡದ್ದೇ ಅಪರೂಪ. ಮರಕ್ಕೆ ವರ್ಷಕ್ಕೆ ಐವತ್ತು ಕೆ.ಜಿ. ಕಳಿತ ಗೊಬ್ಬರದಂತೆ ತೊಂಬತ್ತು ಮರಕ್ಕೂ ಹಾಕಿ, ಮಿಕ್ಕದ್ದು ರಾಗಿ ಹೊಲಕ್ಕೆ ಹೋಗುತ್ತದೆ.

ಗಂಜಲದ ತೊಟ್ಟಿಯಲ್ಲಿಯೂ ಒಂದು ಪಾಠವಾಯಿತು. ತೊಟ್ಟಿಯ ನೀರನ್ನು ಪೈಪಿನಲ್ಲಿ ನೇಪಿಯರ್ ಎಂಬ ಮೇವಿನ ಹುಲ್ಲಿನ ತಾಕಿಗೆ ಬಿಟ್ಟಾಗ ಪೈಪಿನ ಬಾಯಿಯ ಬಳಿಯ ಹುಲ್ಲು ಕಪ್ಪಿಡುವಷ್ಟು ಹಸಿರಾಗಿ ಆಳೆತ್ತರ ಬೆಳೆದು ಬಾಗಿತು, ನಾನು ಹಿಗ್ಗಿ ಅದನ್ನೇ ಮೊದಲು ಕೊಯ್ದು ಹಾಕಿದೆ. ನಾಲ್ಕನೆಯ ದಿನ ಹಸುಗಳ ಸಗಣಿ ಮತ್ತೆ ಅಂಬಲಿ. ಫೀಡ್ ಬದಲಾಗಿಲ್ಲ, ಒಣಹುಲ್ಲು ಬದಲಾಗಿಲ್ಲ; ಬದಲಾದದ್ದು ಕೊಯ್ದ ಜಾಗವೊಂದೇ. ಅತಿಯಾಗಿ ಸಾರಜನಕ ಕುಡಿದ ಎಳೆ ಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಮಳೆ ಕೈಕೊಟ್ಟು ಬಾಡಿದರೆ ಅದರಲ್ಲಿ ನೈಟ್ರೇಟ್ ಸೇರಿ ಹಸುವಿನ ಪ್ರಾಣಕ್ಕೇ ಅಪಾಯ. ಈಗ ತಾಕನ್ನು ಒಂಬತ್ತು ಪಟ್ಟಿಗಳಾಗಿ ಮಾಡಿದ್ದೇನೆ. ಐದು ದಿನಕ್ಕೊಂದು ಪಟ್ಟಿ ಕೊಯ್ದರೆ ನಲವತ್ತೈದನೆಯ ದಿನ ಮೊದಲ ಪಟ್ಟಿ ಮತ್ತೆ ಕೊಯ್ಲಿಗೆ ಬಂದಿರುತ್ತದೆ. ಕೊಯ್ದ ಪಟ್ಟಿಗೆ ಮರುದಿನ ಒಮ್ಮೆ, ಮೂರು ಪಟ್ಟು ನೀರು ಬೆರೆಸಿ ಗಂಜಲ ಬಿಡುತ್ತೇನೆ, ಮುಂದಿನ ಕೊಯ್ಲಿನವರೆಗೆ ಅದರ ತಂಟೆಗೆ ಹೋಗುವುದಿಲ್ಲ. ಬದುವಿನ ಮೇಲಿನ ಅಗಸೆ ಮರದ ಸೊಪ್ಪು ಮತ್ತು ಸಾಲಿನ ನಡುವಿನ ಅಲಸಂದೆಯನ್ನು ಸೇರಿಸಿದರೆ ಫೀಡಿನಲ್ಲಿ ದಿನಕ್ಕೆ ಹಸುವೊಂದಕ್ಕೆ ಮುಕ್ಕಾಲು ಕೆ.ಜಿ. ಉಳಿಯುತ್ತದೆ.

ಬೇಸಿಗೆಗೆ ಮುಸುಕಿನ ಜೋಳದ ರಸಮೇವು, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಒತ್ತಿ ತುಂಬಿ ಹುದುಗಿಸಿಡುವ ಸೈಲೇಜ್, ಮಾಡುತ್ತೇನೆ. ಮೊದಲ ವರ್ಷ ಎಳೆಯದಾಗಿ ಕೊಯ್ದು ಡ್ರಮ್ಮಿಗೆ ತುಳಿದು ತುಂಬಿದ್ದು ಕೊಳೆತು ನಾರಿತು, ಅಷ್ಟೂ ತಿಪ್ಪೆಗೆ ಹೋಯಿತು. ಈಗ ಕಾಳು ಹಾಲುಗಟ್ಟಿ ಹಿಟ್ಟಾಗುವ ಹದದಲ್ಲಿ ಕೊಯ್ದು, ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ನೀರು ತೊಟ್ಟಿಕ್ಕದೆ, ಮುಷ್ಟಿ ಬಿಚ್ಚಿದಾಗ ಉಂಡೆ ನಿಧಾನವಾಗಿ ಅರಳಿದರೆ ತುಂಬುತ್ತೇನೆ. ಇಲಿಗಳ ಕಾಟಕ್ಕೆ ಚೀಲ ಬಿಟ್ಟು ಡ್ರಮ್ಮನ್ನೇ ಉಳಿಸಿಕೊಂಡಿದ್ದೇನೆ.

ಗೌರಿ ಕುಂಟುತ್ತಲೇ ಇನ್ನೂ ಎರಡು ಕರು ಹಾಕಿದಳು. ಅವಳ ಎರಡನೆಯ ಕರುವೇ ಈಗಿನ ಪಡ್ಡೆ. ಗಬ್ಬ ನಿಂತು ಎಂಟು ತಿಂಗಳು. ದಿನ ಹತ್ತಿರವಾದಂತೆ ಫೀಡನ್ನು ಅರ್ಧ ಅರ್ಧ ಕೆ.ಜಿ.ಯಂತೆ ಏರಿಸುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಅವಳ ಹಿಂದೆ ಸಗಣಿ ಕೊಂಚ ತೆಳುವಾಗಿ ಕಂಡಿತು. ಇವತ್ತು ಏರಿಸದೆ, ರಾಗಿ ಹುಲ್ಲು ಒಂದು ಕೆ.ಜಿ. ಹೆಚ್ಚು ತೂಗಿ ಹಾಕಿದ್ದೇನೆ.