ಸಂಜೆಯ ಬಾಯಿಚಪಲ: ನಾನು ಹಿಡಿತಕ್ಕೆ ತಂದ ಬಗೆ

ಮುಂಬಯಿಯ ದಾದರ್ ಸ್ಟೇಷನ್ನಿನ ಸೇತುವೆ ಇಳಿಯುವಾಗಲೇ ವಡಾಪಾವ್ ಕರಿಯುವ ವಾಸನೆ ಮೂಗಿಗೆ ಬಡಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಉಂಡು ಏಳರವರೆಗೆ ಏನೂ ತಿನ್ನದೆ ಬಂದವರಿಗೆ ಅದು ಚಪಲವಲ್ಲ, ಹಸಿವು. ಅಲ್ಲಿ ನಿಂತು ಮನಸ್ಸು ಗಟ್ಟಿಮಾಡಿಕೊಂಡು ಪ್ರಯೋಜನವಿಲ್ಲ. ಅದಕ್ಕೇ ನಾನು ಶುರುಮಾಡಿದ್ದು ಊಟದ ಡಬ್ಬಿಯಿಂದ.

ಚಪಾತಿ, ಪಲ್ಯದ ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಳಿ ಅಥವಾ ಗಟ್ಟಿ ಬೇಳೆ, ಒಂದು ಬಟ್ಟಲು ಮೊಸರು. ಸಂಜೆ ನಾಲ್ಕೂವರೆಗೆ, ಹಸಿವಾಗಲಿ ಬಿಡಲಿ, ಸಿಪ್ಪೆಯಿರುವ ಹುರಿಗಡಲೆ 30 ಗ್ರಾಂ. ಅದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಆರು ಗಂಟೆಗೆ ತಿಂದರೆ ತಡವಾಯಿತು. ಆಗ ಕಡಲೆಯೂ ಹೋಗುತ್ತದೆ, ಅದರ ಹಿಂದೆ ವಡಾಪಾವೂ ಹೋಗುತ್ತದೆ.

ನಾಲಿಗೆ ಕೇಳುವುದು ಏನನ್ನು ಎಂದು ನೋಡಬೇಕು. ಖಾರವಾಗಿ ಕುರುಕುರು ಬೇಕೆನಿಸಿದಾಗ ಬಾಳೆಹಣ್ಣು ತಿಂದರೆ ಹೊಟ್ಟೆ ತುಂಬುತ್ತದೆ, ಆಸೆ ಹಾಗೇ ಉಳಿಯುತ್ತದೆ. ನಮ್ಮ ಕರಾವಳಿಯ ಚುರುಮುರಿಯೇ ಇದಕ್ಕೆ ಮದ್ದು: ಎರಡು ಹಿಡಿ ಮಂಡಕ್ಕಿ (ಇಲ್ಲಿ ಕುರ್ಮುರಾ ಎಂದು ಕೇಳಬೇಕು), ಅರ್ಧ ಈರುಳ್ಳಿ, ಅರ್ಧ ಟೊಮೆಟೊ, ಹತ್ತು ಶೇಂಗಾ, ಚಿಟಿಕೆ ಮೆಣಸಿನಪುಡಿ, ಉಪ್ಪು, ಅರ್ಧ ಚಮಚ ತೆಂಗಿನೆಣ್ಣೆ. ಕಲಸಿದ ಕೂಡಲೇ ತಿನ್ನಬೇಕು. ಮಂಡಕ್ಕಿ ಮೆತ್ತಗಾಯಿತೆಂದರೆ ಕೈ ಮತ್ತೆ ಸೇವ್ ಡಬ್ಬಿಗೇ ಹೋಗುತ್ತದೆ. ಸಿಹಿ ಬೇಕಾದರೆ ಊಟದ ಕೊನೆಗೆ ಒಂದು ತುಂಡು ಶೇಂಗಾ ಚಿಕ್ಕಿ. ಖಾಲಿ ಹೊಟ್ಟೆಯಲ್ಲಿ ತಿಂದರೆ ಒಂದಕ್ಕೆ ನಿಲ್ಲುವುದಿಲ್ಲ.

ಫರ್ಸಾಣ್ (ಸೇವ್‌ನಂಥ ಕರಿದ ಕುರುಕಲು ತಿಂಡಿ) ಮನೆಗೆ ತರಲೇಬಾರದು ಎಂಬ ನೇಮ ನನಗೆ ಒಗ್ಗಲಿಲ್ಲ. ಪೂರ್ತಿ ನಿಷೇಧ ಭಾನುವಾರದವರೆಗೆ ನಡೆಯುತ್ತದೆ, ಭಾನುವಾರ ಇಡೀ ಪ್ಯಾಕೆಟ್ ಮುಗಿಯುತ್ತದೆ. 200 ಗ್ರಾಂ ಪ್ಯಾಕೆಟ್ ಒಡೆದ ದಿನವೇ ತಕ್ಕಡಿಯಲ್ಲಿ ತೂಗಿ, 25 ಗ್ರಾಂನಂತೆ ಎಂಟು ಸ್ಟೀಲ್ ಡಬ್ಬಿಗಳಿಗೆ ಹಾಕಿ ಮೇಲಿನ ಕಪಾಟಿನಲ್ಲಿಡುತ್ತೇನೆ. ಗಾಜಿನ ಭರಣಿ ಬೇಡ, ಕಣ್ಣಿಗೆ ಬಿದ್ದದ್ದನ್ನೇ ಬಾಯಿ ಕೇಳುತ್ತದೆ. ತಿನ್ನಬೇಕೆನಿಸಿದಾಗ ಹದಿನೈದು ನಿಮಿಷ ತಡೆಯುವುದು. ಬಹಳ ಸಲ ಅಷ್ಟರಲ್ಲಿ ಆಸೆಯ ಜೋರು ಇಳಿದಿರುತ್ತದೆ. ಇಳಿಯದಿದ್ದರೆ ತಟ್ಟೆಗೆ ಹಾಕಿಕೊಂಡು, ಕೂತು, ಫೋನ್ ಬದಿಗಿಟ್ಟು ತಿನ್ನುವುದು.

ಚಹಾದ ಲೆಕ್ಕವನ್ನು ಹೆಚ್ಚಿನವರು ಮರೆಯುತ್ತಾರೆ. ಎರಡು ಚಮಚ ಸಕ್ಕರೆಯ ನಾಲ್ಕು ಕಪ್ ಎಂದರೆ 32 ಗ್ರಾಂ ಮೀರುತ್ತದೆ. ದಿನಕ್ಕೆ ಸುಮಾರು 25 ಗ್ರಾಂಗಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಒಮ್ಮೆಲೇ ಬಿಟ್ಟರೆ ನಾಲಿಗೆ ಬಂಡೇಳುತ್ತದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ಗೊತ್ತೇ ಆಗುವುದಿಲ್ಲ.

ನಿದ್ದೆಗೆಟ್ಟ ಮರುದಿನ ಚಪಲ ಹೆಚ್ಚು. ಆ ದಿನ ಬೆಳಿಗ್ಗೆ ಎರಡು ಮೊಟ್ಟೆ ಸೇರಿಸುತ್ತೇನೆ.

ಎರಡು ಸಂದರ್ಭಗಳಲ್ಲಿ ಇದ್ಯಾವುದೂ ನಡೆಯದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಕೈ ನಡುಗಿ, ಬೆವರಿ, ಸಿಹಿ ಬೇಕೆನಿಸಿದರೆ ಹದಿನೈದು ನಿಮಿಷ ಕಾಯಲೇಬಾರದು. ರಕ್ತದ ಸಕ್ಕರೆ ಕುಸಿದಿರಬಹುದು, ಕೂಡಲೇ ಸಕ್ಕರೆ ತಿಂದು ಪರೀಕ್ಷಿಸಿಕೊಳ್ಳಬೇಕು. ಐಸ್, ಬಳಪ, ಮಣ್ಣು ತಿನ್ನುವ ಆಸೆಯಾದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತೋರಿಸುವುದು) ಪರೀಕ್ಷೆ ಮಾಡಿಸಬೇಕು. ಕಬ್ಬಿಣಾಂಶದ ಕೊರತೆಯಲ್ಲಿ ಹೀಗಾಗುವುದುಂಟು.