ಮಲೆನಾಡಿನ ದೂರದ ಸೈಕಲ್ ಸವಾರಿಗೆ ಎಂಥ ನೀರಿನ ಬ್ಯಾಗ್ ಬೇಕು

ಬ್ಯಾಗ್ ಕೊಳ್ಳುವ ಮೊದಲು ಲೆಕ್ಕ ಹಾಕಬೇಕಾದದ್ದು ಒಟ್ಟು ಎಷ್ಟು ಕಿಲೋಮೀಟರ್ ತುಳಿಯುತ್ತೀರಿ ಎಂದಲ್ಲ, ನೀರು ಸಿಗುವ ಒಂದು ಜಾಗದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ದಾರಿಯಲ್ಲಿ ಊರುಗಳಿವೆ, ಅಂಗಡಿಗಳಿವೆ. ಫ್ರೇಮಿಗೆ ಸಿಕ್ಕಿಸಿದ ಎರಡು ಬಾಟಲಿ ಸಾಕು. ಕೊಡಚಾದ್ರಿಯ ಜೀಪ್ ದಾರಿಯಂಥ ಕಲ್ಲು ಕೊರಕಲಿನ ಏರಿನಲ್ಲಿ ಹಾಗಲ್ಲ. ಹತ್ತು ಕಿ.ಮೀ.ಗೇ ಎರಡು ಮೂರು ತಾಸು ಹೋಗಬಹುದು, ಹ್ಯಾಂಡಲ್ ಬಿಟ್ಟು ಬಾಟಲಿಗೆ ಕೈ ಹಾಕಲೂ ಆಗುವುದಿಲ್ಲ. ಬೆನ್ನ ಮೇಲಿನ ಬ್ಲಾಡರ್ (ಬ್ಯಾಗಿನೊಳಗೆ ಕೂರುವ ಮೆತ್ತನೆಯ ನೀರಿನ ಚೀಲ), ಅದರಿಂದ ಬಾಯಿಯ ಹತ್ತಿರಕ್ಕೆ ಬರುವ ಪೈಪು ಬೇಕಾಗುವುದು ಅಲ್ಲಿ.

ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಕಾಡಿನ ನೆರಳಲ್ಲಿ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ, ಆದರೆ ತೇವದ ಗಾಳಿಯಲ್ಲಿ ಬೆವರು ಆರದೆ ಸುರಿಯುತ್ತಲೇ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯುತ್ತಿರಬೇಕು. ಮೂರು ತಾಸಿನ ಅಂತರಕ್ಕೆ ಎರಡು ಲೀಟರ್ ಆಗುತ್ತದೆ. ಆದರೂ ಮೂರು ಲೀಟರಿನ ಬ್ಲಾಡರ್ ಹಿಡಿಸುವ ಬ್ಯಾಗನ್ನೇ ಕೊಳ್ಳಿ: ಮಾರ್ಚ್, ಏಪ್ರಿಲ್‌ನಲ್ಲಿ ಪೂರ್ತಿ ತುಂಬಿ, ಉಳಿದ ದಿನ ಬೇಕಾದಷ್ಟೇ. ಲೀಟರಿಗೆ ಒಂದು ಕೆ.ಜಿ. ಭಾರ, ಸುಮ್ಮನೆ ಹೊರಬೇಡಿ.

ಬ್ಯಾಗಿನ ಗಾತ್ರ 8ರಿಂದ 12 ಲೀಟರ್ ಇದ್ದರೆ ಒಂದು ಟ್ಯೂಬ್, ಸಣ್ಣ ಪಂಪ್, ಮಲ್ಟಿಟೂಲ್, ಚೈನ್ ಲಿಂಕ್, ಮಳೆ ಜಾಕೆಟ್, ತಿಂಡಿ ಎಲ್ಲ ಹಿಡಿಸುತ್ತವೆ. ದೊಡ್ಡದು ಕೊಂಡರೆ ಅದನ್ನು ತುಂಬಿಸುವ ಆಸೆ ಹುಟ್ಟುತ್ತದೆ, ಸಂಜೆ ಸೊಂಟ ಹಿಡಿಯುತ್ತದೆ.

ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಎರಡು ಲೀಟರ್ ನೀರು ತುಂಬಿಸಿ ಹಾಕಿಕೊಳ್ಳಿ. ಮೊದಲು ಎಲ್ಲ ಪಟ್ಟಿ ಸಡಿಲ ಮಾಡಿ, ಸೊಂಟದ ಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬಿಗಿಯಿರಿ. ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಈಗ ಹೆಲ್ಮೆಟ್ ಹಾಕಿ ಸೈಕಲ್ ಹತ್ತಿ, ಪೆಡಲ್ ಮೇಲೆ ನಿಂತು, ಮೊಣಕೈ ಮಡಚಿ, ಘಾಟಿ ಇಳಿಯುವಾಗಿನಂತೆ ಹಿಂದಕ್ಕೆ ಸರಿದು ತಲೆ ಎತ್ತಿ. ಬ್ಯಾಗ್ ಹೆಲ್ಮೆಟ್ಟಿಗೆ ತಾಗಿದರೆ ಅದು ನಿಮ್ಮ ಬೆನ್ನಿಗೆ ಉದ್ದವಾಯಿತು. ಅತ್ತಿತ್ತ ವಾಲಿದಾಗ ಭಾರ ಪಕ್ಕಕ್ಕೆ ಜಾರಿದರೆ ಇಳಿಜಾರಿನ ತಿರುವಿನಲ್ಲಿ ಅದೇ ನಿಮ್ಮನ್ನು ಎಳೆಯುತ್ತದೆ. ಬೇರೆ ನೋಡಿ.

ಬ್ಲಾಡರಿನ ಬಾಯಿ ಅಗಲವಾಗಿರಲಿ. ಮಲೆನಾಡಿನ ಒಂಟಿಮನೆಗಳಲ್ಲಿ ನೀರು ಕೇಳಿದರೆ ಬೆಲ್ಲದ ಜೊತೆ ಕೊಡುತ್ತಾರೆ. ಕೊಡದಿಂದ ಬಗ್ಗಿಸುವಾಗ ಸಣ್ಣ ಬಾಯಿಯದಾದರೆ ಅರ್ಧ ನೀರು ನೆಲಕ್ಕೆ. ಒಳಗೆ ಕೈ ಹೋಗುವಷ್ಟು ಅಗಲವಿದ್ದರೆ ತೊಳೆಯುವುದೂ ಸಲೀಸು. ಆದರೆ ಅಡಿಕೆ ತೋಟದ ಕೆಳಗೆ ಹರಿಯುವ ಹಳ್ಳದ ನೀರು ತುಂಬಬೇಡಿ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತ ಅದರಲ್ಲಿ ಕರಗಿರಬಹುದು. ಸವಾರರು ಒಯ್ಯುವ ಸಣ್ಣ ಫಿಲ್ಟರ್ ಕ್ರಿಮಿಯನ್ನು ತಡೆದೀತು, ಕರಗಿದ್ದನ್ನು ತಡೆಯುವುದಿಲ್ಲ.

ಪೈಪಿನ ತುದಿಯಲ್ಲಿ ಕಚ್ಚಿ ಹೀರುವ ಬೈಟ್ ವಾಲ್ವಿಗೆ ಮುಚ್ಚಳ ಇರಲೇಬೇಕು. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ಕೆಸರು ಎರಡೂ ನೇರ ಬಾಯಿಗೆ ಬರುತ್ತವೆ. ಪೈಪು ಬ್ಲಾಡರಿನಿಂದ ಕಳಚಿ ಬರುವಂತಿದ್ದರೆ ಬ್ಯಾಗಿನ ಸಾಮಾನು ಹೊರಗೆ ತೆಗೆಯದೆ ನೀರು ತುಂಬಬಹುದು.

ತುಂಬಿಸಿ ಮುಚ್ಚಿದ ಮೇಲೆ ಬ್ಲಾಡರನ್ನು ತಲೆಕೆಳಗು ಹಿಡಿದು ಪೈಪಿನಿಂದ ಗಾಳಿ ಹೀರಿ ತೆಗೆಯಿರಿ, ಗುಳುಗುಳು ಸದ್ದು ನಿಲ್ಲುತ್ತದೆ, ಭಾರವೂ ಅಲುಗುವುದಿಲ್ಲ. ಎಳೆದರೂ ನೀರು ಬಾರದಿದ್ದರೆ ವಾಲ್ವಿನ ಲಾಕ್ ನೋಡಿ. ಅದು ಸರಿಯಿದ್ದರೆ ಪೈಪು ಬ್ಯಾಗಿನ ತಳದಲ್ಲಿ ಮಡಚಿಕೊಂಡಿರುತ್ತದೆ. ಸೋರಿದರೆ ಹೆಚ್ಚಾಗಿ ಮುಚ್ಚಳದ ರಬ್ಬರಿಗೆ ಮರಳಿನ ಕಣ ಸಿಕ್ಕಿರುತ್ತದೆ, ಒರೆಸಿದರೆ ಸಾಕು. ಬ್ಲಾಡರಿಗೆ ಬರೀ ನೀರು. ಓಆರ್‌ಎಸ್, ಪುನರ್ಪುಳಿ ಪಾನಕ ಇಂಥವೆಲ್ಲ ಫ್ರೇಮಿನ ಬಾಟಲಿಗೆ.

ಮಳೆ ಕವರನ್ನು ಪೂರ್ತಿ ನಂಬಬೇಡಿ. ಆಗುಂಬೆ ಕಡೆಯ ಮಳೆ ಕುತ್ತಿಗೆಯಿಂದಿಳಿದು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿಯುತ್ತದೆ, ಹಿಂದಿನ ಚಕ್ರ ಕೆಳಗಿನಿಂದ ಕೆಸರು ಎರಚುತ್ತದೆ. ಮೊಬೈಲು, ಒಣ ಬಟ್ಟೆ ಬೇರೆ ಪ್ಲಾಸ್ಟಿಕ್ ಚೀಲದೊಳಗಿರಲಿ.

ದಣಿವಾರಿಸಿಕೊಳ್ಳುವಾಗ ಬ್ಯಾಗನ್ನು ತರಗೆಲೆಯ ಮೇಲೆ ಇಡಬೇಡಿ, ಕೊಂಬೆಗೋ ಹ್ಯಾಂಡಲಿಗೋ ನೇತುಹಾಕಿ. ಉಣುಗು ಹತ್ತುವುದು ಹಾಗೇ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗೆ ಈ ವಿಷಯದಲ್ಲಿ ಹುಷಾರಾಗಿರಬೇಕು.

ಇನ್ನು ಒಣಗಿಸುವುದು. ಮಲೆನಾಡಿನಲ್ಲಿ ಬ್ಲಾಡರ್ ಹರಿದು ಹಾಳಾಗುವುದಕ್ಕಿಂತ ಬೂಷ್ಟು ಹಿಡಿದು ಹಾಳಾಗುವುದೇ ಹೆಚ್ಚು. ಪೈಪಿನ ಒಳಗೆ ಕಪ್ಪು ಚುಕ್ಕೆ ಕಂಡರೆ ಎರಡು ಲೀಟರ್ ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡ ಕದಡಿ ತುಂಬಿ, ವಾಲ್ವ್ ಒತ್ತಿ ಪೈಪಿಗೂ ಹರಿಸಿ, ಅರ್ಧ ತಾಸು ಬಿಟ್ಟು ತೊಳೆಯಿರಿ. ಉದ್ದ ದಾರಕ್ಕೆ ಸಣ್ಣ ಬಟ್ಟೆ ಕಟ್ಟಿ ಪೈಪಿನೊಳಗೆ ಎಳೆದರೆ ಅಂಟಿದ ಲೋಳೆ ಬರುತ್ತದೆ. ಆಮೇಲೆ ಬಾಯಿ ಅಗಲಿಸಿ, ಒಳಗೊಂದು ಕಡ್ಡಿ ಅಡ್ಡ ಕೊಟ್ಟು ಬೋರಲು ನೇತುಹಾಕಿ. ಬಚ್ಚಲ ಒಲೆಯ ಮೇಲೆ ಮಾತ್ರ ಬೇಡ, ಬೆಸುಗೆ ಬಿಡುತ್ತದೆ. ಆಷಾಢದ ಜಡಿಮಳೆಯಲ್ಲಿ ಏನು ಮಾಡಿದರೂ ಆರದಿದ್ದರೆ ನೀರು ಬಸಿದು, ಮಡಚಿ, ಪೈಪಿನ ಸಮೇತ ಫ್ರೀಜರಿನಲ್ಲಿಡಿ. ತೇವ ಉಳಿದರೂ ಆ ತಣ್ಣಗಿನಲ್ಲಿ ಬೂಷ್ಟು ಬೆಳೆಯುವುದಿಲ್ಲ. ಹೊರಗೆ ತೆಗೆದ ಕೂಡಲೇ ಬಿಡಿಸಲು ಹೋಗಬೇಡಿ, ಸೆಟೆದುಕೊಂಡ ಮಡಿಕೆ ಸೀಳೀತು. ಮೆತ್ತಗಾಗುವವರೆಗೆ ಕಾದು ನೀರು ತುಂಬಿ.